ಅಡ್ಡ ಹೊಲಿಗೆ

ಜೂನ್ 2

ಕೊನೆಗೂ ಬಂತು. ಇಳಿಸುವುದಕ್ಕೆ ನಾಲ್ಕು ಜನ, ನೋಡುವುದಕ್ಕೆ ಇಡೀ ಬೀದಿ. ಮರದ ಪೆಟ್ಟಿಗೆಯ ಹಲಗೆಗಳನ್ನು ಒಂದೊಂದಾಗಿ ಕಿತ್ತಾಗ ಒಳಗಿಂದ ಕಪ್ಪು ಟ್ಯಾಂಕು, ಅದರ ಮೇಲೆ ಕೂದಲೆಳೆಯಂಥ ಎರಡು ಬಿಳಿ ಗೆರೆ, ಎರಡೂ ಪಕ್ಕೆಗೆ ಮೊಣಕೈ ಚಾಚಿಕೊಂಡು ನಿಂತ ಎಂಜಿನ್ನು. ಇವರು ಕಣ್ಣೊರೆಸಿಕೊಂಡರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಇವರ ಕಣ್ಣಲ್ಲಿ ನೀರು ಕಂಡಿದ್ದು ಎರಡನೇ ಸಲ. ಮೊದಲನೆಯದು ದವಡೆ ಹಲ್ಲು ಕೀಳಿಸಿಕೊಂಡಾಗ.

"ಇದನ್ನ ನೇಕೆಡ್ ಬೈಕ್ ಅಂತಾರೆ," ಎಂದು ಬೀದಿಯವರಿಗೆಲ್ಲ ಪಾಠ ಮಾಡಿದರು. "ಮುಂದೆ ಗಾಳಿ ತಡೆಯೋ ಕವಚ ಗಿವಚ ಏನೂ ಇರಲ್ಲ. ಎಂಜಿನ್ನು, ಚೌಕಟ್ಟು ಎಲ್ಲಾ ಕಣ್ಣಿಗೆ ಕಾಣೋ ಹಾಗೆ ಬಿಟ್ಟಿರ್ತಾರೆ. ಇಡೀ ಪ್ರಪಂಚಕ್ಕೆ ಐನೂರೇ ಮಾಡಿರೋದು ಜರ್ಮನಿಯವರು. ಇದು ಇನ್ನೂರ ಹನ್ನೆರಡನೇದು."

ಮೈಮೇಲೆ ಏನೂ ಇಲ್ಲದ್ದಕ್ಕೆ ಬಿಸಿಲು, ಧೂಳು, ತೇವ ಒಂದೂ ತಾಗಬಾರದಂತೆ. ಅದಕ್ಕೆ ನನ್ನ ಹೊಲಿಗೆ ಕೋಣೆಯೇ ಆಗಬೇಕಂತೆ.

"ಹದಿನೈದು ದಿನದ ಮಟ್ಟಿಗೆ ಕಣೇ. ಹಿಂದುಗಡೆ ಶೆಡ್ ಹಾಕಿಸ್ತೀನಿ."

ಇವರ ಹದಿನೈದು ದಿನ ನನಗೆ ಗೊತ್ತಿಲ್ಲದ್ದೇನಲ್ಲ. ಬಚ್ಚಲಿನ ನಲ್ಲಿ ಹದಿನೈದು ದಿನದಲ್ಲಿ ಸರಿಯಾಗುತ್ತದೆಂದು ಎರಡು ವರ್ಷದಿಂದ ತೊಟ್ಟಿಕ್ಕುತ್ತಿದೆ.

ಜೂನ್ 3

ಮೆಷಿನ್ನು ಮಹಡಿಗೆ ಹೋಯಿತು. ಸೋಫಾ, ಕುರ್ಚಿ, ಕಾರಿನ ಸೀಟು ಹೊಲಿಯುವ ಮೆಷಿನ್ನು. ಎತ್ತಲು ಮೂವರು ಏದುಸಿರು ಬಿಟ್ಟರು. ನಮ್ಮದು ನೆಟ್ಟಗೆ ನಿಲ್ಲಿಸಿದ ಬೆಂಕಿಪೊಟ್ಟಣದಂಥ ಮನೆ. ಕೆಳಗೆ ಬೀದಿಗೆ ಅಗಲ ಬಾಗಿಲಿರುವ ಆ ಒಂದೇ ಕೋಣೆ, ಮಿಕ್ಕಿದ್ದೆಲ್ಲ ಮೇಲೆ. ಹತ್ತೊಂಬತ್ತು ವರ್ಷ ಅಲ್ಲಿ ಕೂತು ಹೊಲಿದಿದ್ದೇನೆ. ಈಗ ಮೆಷಿನ್ನು ಮಲಗುವ ಕೋಣೆಯ ಕಿಟಕಿ ಪಕ್ಕ, ಫೋಮಿನ ಹಾಳೆಗಳು ಮಂಚದ ಕೆಳಗೆ, ಚರ್ಮದ ಸುರುಳಿಗಳು ಬಾಗಿಲ ಹಿಂದೆ.

ನನ್ನ ಜೊತೆ ಕೆಲಸ ಮಾಡುವ ಗುಂಡುಸೂಜಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ಒಣಕಲು ಮೈ, ಚುಚ್ಚುವ ಬಾಯಿ. ಆ ಹೆಸರಿಟ್ಟವಳು ನಾನೇ. "ಬಿಡಿ ಅಕ್ಕ, ಹೊಸ ಅಳಿಯ ಬಂದ್ರೆ ಮನೆಯೋರೆಲ್ಲ ಹೀಗೇ ಮೂಲೆ ಸೇರ್ತಾರೆ," ಎಂದಳು.

ಗಾಡಿಗೆ ಆ ಹೆಸರೇ ಇರಲಿ. ಅಳಿಯ.

ಜೂನ್ 12

ಊಟಕ್ಕೆ ಕೂತರೆ ಅಳಿಯನ ವಂಶಾವಳಿ. ಕಂಪನಿಯ ಹಿರಿಯರು ಮೊದಲು ವಿಮಾನದ ಎಂಜಿನ್ನು ಮಾಡುತ್ತಿದ್ದರಂತೆ. ಯುದ್ಧ ಸೋತ ಮೇಲೆ ಗೆದ್ದವರು ಎಂಜಿನ್ನಿನ ತಂಟೆಗೇ ಹೋಗಕೂಡದೆಂದರಂತೆ.

"ಆಗ ಏನು ಮಾಡಿದ್ರು ಹೇಳು? ಪಾತ್ರೆ, ಬಾಣಲೆ! ಅಡುಗೆ ಪಾತ್ರೆ ಮಾಡಿ ಕಾರ್ಖಾನೆ ಉಳಿಸ್ಕೊಂಡ್ರು. ಆಮೇಲೆ ಮತ್ತೆ ಮೋಟರ್‌ಸೈಕಲ್ಲು. ಪರಂಪರೆ ಅಂದ್ರೆ ಅದು."

"ಅದರಲ್ಲೊಂದು ಪಾತ್ರೆ ತಂದಿದ್ರೆ ನಾಲ್ಕು ಕಾಲ ಉಪಯೋಗಕ್ಕಾದ್ರೂ ಬರ್ತಿತ್ತು ರೀ."

ಇವರಿಗೆ ನಗು ಬರಲಿಲ್ಲ. ಪಾತ್ರೆಯ ಕಥೆ ಈ ವಾರದಲ್ಲಿ ಐದನೇ ಸಲ. ನಾನು ಇವತ್ತು ಏನು ಹೊಲಿದೆನೆಂದು ಒಂದು ಸಲವೂ ಕೇಳಲಿಲ್ಲ.

ಇನ್ನೊಂದು ವಿಷಯ. ಇವರು ಅದನ್ನು ಓಡಿಸುವುದಿಲ್ಲವಂತೆ! ಮೀಟರಿನಲ್ಲಿ ಮೂರು ಕಿಲೋಮೀಟರ್ ತೋರಿಸುತ್ತದೆ, ಕಾರ್ಖಾನೆಯವರು ಪರೀಕ್ಷೆಗೆ ಓಡಿಸಿದ್ದು. ಅದು ಮೂರೇ ಇರಬೇಕಂತೆ. ಟ್ಯಾಂಕಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯಬಾರದಂತೆ. ಹತ್ತದ ಗಾಡಿ, ಬಿಚ್ಚದ ಹಾಳೆ, ಅದಕ್ಕೊಂದು ಬೀಗ ಹಾಕಿದ ಕೋಣೆ.

ಜೂನ್ 20

ಹೋಟೆಲಿನವರ ಮೂರು ಜನ ಕೂರುವ ಸೋಫಾ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಮಧ್ಯಾಹ್ನದವರೆಗೆ ನಾನು ಮೇಲೆ, ಗುಂಡುಸೂಜಿ ಕೆಳಗೆ, ನಡುವೆ ಸೋಫಾ. ಕೊನೆಗೆ ಅದರ ಕಾಲು ಬಿಚ್ಚಿ ಇಳಿಸಿದೆವು. ಹೋಟೆಲಿನವರು ಬೇರೆ ಕಡೆ ನೋಡಿಕೊಳ್ಳುತ್ತೇವೆಂದು ಹೊತ್ತುಕೊಂಡು ಹೋದರು.

ಇವರು ಕೆಳಗೆ ಮೆತ್ತನೆ ಬಟ್ಟೆಯಲ್ಲಿ ಅಳಿಯನ ಕಿವಿ ಒರೆಸುತ್ತಿದ್ದರು. ಕಿವಿಯಲ್ಲ, ಕನ್ನಡಿ. ಏನೋ ಒಂದು.

ಜುಲೈ 6

ಗುಂಡುಸೂಜಿ ಹೋದಳು. ಮಾರುಕಟ್ಟೆ ರಸ್ತೆಯ ಪೀಠೋಪಕರಣದ ಅಂಗಡಿಯಲ್ಲಿ ಕರೆದರಂತೆ. ಅವಳನ್ನು ಬೈಯಲಾರೆ. ಮಂಚದ ಮೇಲೆ ಕೂತು ರೆಕ್ಸಿನ್ ಕತ್ತರಿಸುವುದಕ್ಕೆ ಅವಳೇನು ನನ್ನ ಮನೆಯ ಸೊಸೆಯೇ?

ಬಾಗಿಲಲ್ಲಿ ನಿಂತು, "ಅಕ್ಕ, ಆ ಕೋಣೆ ಬಿಟ್ಕೊಟ್ಟಿದ್ದು ನೀವೇ. ಅವರು ಕೇಳಿದ್ರು ಅಷ್ಟೆ," ಎಂದಳು.

ಚುಚ್ಚಿತು. ಅವಳ ಬಾಕಿ ಸಂಬಳ ಎಣಿಸಿ ಕೈಗಿಟ್ಟೆ.

ಜುಲೈ 7

ಎರಡು ಕುರ್ಚಿ ಗಾದಿ. ಅಷ್ಟೇ.

ಜುಲೈ 23

ಇವರ ಬಲ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿ ಐದು ದಿನ. ಮೊನ್ನೆಯಿಂದ ಒಂದೇ ಯೋಚನೆಯಾಗಿತ್ತು: ಆಸ್ಪತ್ರೆಯಿಂದ ಎಲ್ಲಿಗೆ ಕರೆದುಕೊಂಡು ಹೋಗುವುದು? ಆರು ವಾರ ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಕೆಳಗಿನ ಕೋಣೆಯಲ್ಲಿ ಮಂಚ ಹಾಕಿದರೆ ಆಯಿತು ಎಂದೆ.

"ಅಲ್ಲಿ ಗಾಡಿ ಇದೆಯಲ್ಲೇ," ಎಂದರು ಇವರು, ಗಾಬರಿಯಿಂದ.

"ಗಾಡಿ ಹೊರಗಿಟ್ರೆ ಸತ್ತು ಹೋಗತ್ತಾ?"

ನಾದಿನಿ ನಡುವೆ ಬಾಯಿ ಹಾಕಿದಳು. ಇವರ ತಂಗಿ, ಲಿಫ್ಟ್ ಇರುವ ಕಟ್ಟಡದಲ್ಲಿ ಮನೆ. "ಅತ್ತಿಗೆ, ಜಗಳ ಯಾಕೆ? ಅಣ್ಣ ನಮ್ಮನೇಲೇ ಇರಲಿ ಬಿಡಿ."

ಹಾಗೇ ಆಯಿತು. ಯಜಮಾನರು ತಂಗಿಯ ಮನೆಗೆ, ಅಳಿಯ ನಮ್ಮ ಮನೆಗೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನನಗೆ ಮಾತ್ರ ಹೊಟ್ಟೆ ಉರಿಯಿತು.

ಜುಲೈ 26

ಫೋನಿನಲ್ಲಿ ಅಪ್ಪಣೆಗಳು. ಸ್ಟ್ಯಾಂಡಿನ ಮೇಲಿರುವ ಗಾಡಿಯ ಚಕ್ರಗಳನ್ನು ವಾರಕ್ಕೆರಡು ಸಲ ಕೈಯಲ್ಲಿ ತಿರುಗಿಸು. ಬ್ಯಾಟರಿಯ ಚಾರ್ಜರಿನ ಹಸಿರು ದೀಪ ನೋಡು. ಒರೆಸುವ ಮೊದಲು ಉಂಗುರ, ಬಳೆ ತೆಗೆ.

"ನನ್ನ ಮಾತ್ರೆ ಡಬ್ಬಿ ಕಳಿಸಿದೆಯಾ" ಎಂದು ಕೊನೆಯಲ್ಲಿ ಕೇಳಿದರು. ನಾನು ಊಟ ಮಾಡಿದೆನೇ ಎಂದಲ್ಲ.

ಆಗಸ್ಟ್ 3

ಚಕ್ರ ತಿರುಗಿಸುವಾಗ ಅದರ ಜೊತೆ ಮಾತಾಡುವ ಅಭ್ಯಾಸವಾಗಿದೆ. "ಏನಪ್ಪಾ, ಊಟ ಆಯ್ತಾ? ಮಾವನವರು ಕೇಳಿದ್ರು." ಬೀದಿಯಲ್ಲಿ ಹೋಗುವ ತರಕಾರಿಯವಳು ಒಳಗೆ ಇಣುಕಿ ಯಾರಿದ್ದಾರೆಂದು ನೋಡಿದಳು. ನೆಂಟರು ಎಂದೆ.

ಒಂದು ಸತ್ಯ ಬರೆದುಬಿಡುತ್ತೇನೆ, ಇಲ್ಲಿ ಓದುವವರು ಯಾರೂ ಇಲ್ಲ. ಆ ಸೀಟು ಚೆನ್ನಾಗಿದೆ. ಒಬ್ಬರೇ ಕೂರುವಂಥದ್ದು, ಕಂದು ಚರ್ಮ, ಅಂಚಿಗೆ ಕೆನೆ ಬಣ್ಣದ ಮೇಣದ ದಾರದಲ್ಲಿ ಕೈಹೊಲಿಗೆ. ಮೆಷಿನ್ನಿನದಲ್ಲ. ಎರಡು ಸೂಜಿ ಹಿಡಿದು ಒಂದೇ ತೂತಿನಲ್ಲಿ ಎರಡು ಕಡೆಯಿಂದ ಹೊಲಿದದ್ದು. ಎಲ್ಲ ಹೊಲಿಗೆಗಳೂ ಒಂದೇ ಕಡೆ ವಾಲಿ ಮಲಗಿವೆ. ಹೊಲಿದವಳು ದಾರವನ್ನು ಒಂದೇ ಹದದಲ್ಲಿ ಎಳೆದಿದ್ದಾಳೆ, ಬೆಳಗಿಂದ ಸಂಜೆತನಕ ಕೈ ಸೋತಿಲ್ಲ. ಹೆಂಗಸೋ ಗಂಡಸೋ ನನಗೇನು ಗೊತ್ತು? ಆದರೂ ಹೆಂಗಸೇ ಎನಿಸಿತು.

ಆಗಸ್ಟ್ 7

ಇವರನ್ನು ನೋಡಲು ಹೋಗಿದ್ದೆ. ಕೋಲು ಹಿಡಿದು ನಾದಿನಿಯ ಮನೆಯ ನಡುಮನೆಯಲ್ಲಿ ನಡೆಯುತ್ತಿದ್ದಾರೆ. ಇಳಿದುಹೋಗಿದ್ದಾರೆ. ಕೋಪ ಅರ್ಧ ದಾರಿಯಲ್ಲೇ ಕರಗಿತು, ಹಾಳಾದ್ದು.

ಓಡಿಸದ ಗಾಡಿ ಯಾಕೆ ರೀ ಬೇಕಿತ್ತು ಎಂದು ಕೇಳಿದೆ, ಜಗಳಕ್ಕಲ್ಲ. ಇವರು ಕೋಲನ್ನು ಗೋಡೆಗೆ ಒರಗಿಸಿ ಕೂತರು. ವಿಮಾ ಕಂಪನಿಗೆ ಅಪಘಾತದ ಗಾಡಿಗಳನ್ನು ನೋಡಿ ವರದಿ ಬರೆಯುವುದೇ ಇವರ ಇಡೀ ಜೀವಮಾನದ ಕೆಲಸವಾಗಿತ್ತು. ಮನೆಗೆ ಬಂದು ಒಂದು ದಿನವೂ ಆ ವಿಷಯ ಎತ್ತಿದವರಲ್ಲ.

"ಬಗ್ಗಿದ ಚಕ್ರ, ಒಡೆದ ದೀಪ, ಸೀಟಿನ ಮೇಲೆ ಒಣಗಿದ ರಕ್ತ. ಅದನ್ನೇ ನೋಡ್ದೆ ಕಣೇ ಇಷ್ಟು ವರ್ಷ. ಮುರಿಯದೇ ಇರೋ ಒಂದು ಗಾಡಿ ನನ್ನ ಹತ್ರ ಇರಲಿ ಅನ್ನಿಸ್ತು."

ಬಸ್ಸಿನಲ್ಲಿ ಬರುವಾಗ ಅಳು ಬಂತು. ಇದನ್ನು ಮೊದಲೇ ಹೇಳಿದ್ದರೆ ಕೋಣೆಯನ್ನು ನಾನೇ ಗುಡಿಸಿ ಕೊಡುತ್ತಿದ್ದೆ.

ಆಗಸ್ಟ್ 9

ಸೀಟಿನ ಹಿಂಬದಿಯ ಎಡ ಮೂಲೆಯಲ್ಲಿ ಒಂದು ಹೊಲಿಗೆ ಅಡ್ಡ ಬಿದ್ದಿದೆ. ಮಿಕ್ಕಿದ್ದೆಲ್ಲ ಬಲಕ್ಕೆ ವಾಲಿದರೆ ಇದೊಂದು ಎಡಕ್ಕೆ. ಬಗ್ಗಿ, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ತಪ್ಪು ಹೊಲಿಗೆಯೇ. ಪಾಪ, ಯಾರೋ ಆ ಹೊತ್ತಿಗೆ ಹೆಸರು ಹಿಡಿದು ಕರೆದಿರಬೇಕು ಅವಳನ್ನು.

ಇವರು ಮುರಿಯದ ಗಾಡಿ ಎಂದು ನಂಬಿಕೊಂಡಿದ್ದಾರೆ. ಒಂದು ದಿನ ಕಣ್ಣಿಗೆ ಬಿದ್ದರೆ ಎದೆ ಒಡೆದುಕೊಳ್ಳುತ್ತಾರೆ.

ಆಗಸ್ಟ್ 10

ಸರಿ ಮಾಡಿದೆ.

ಬಳೆ ತೆಗೆದಿಟ್ಟು ಕೂತೆ. ಮೂಲೆಯಿಂದ ಏಳು ಹೊಲಿಗೆ ಬಿಚ್ಚಿದೆ, ಹಳೆಯ ತೂತುಗಳಲ್ಲೇ ಮತ್ತೆ ಹೊಲಿದೆ, ಚರ್ಮಕ್ಕೆ ಹೊಸ ಗಾಯ ಒಂದೂ ಆಗಲಿಲ್ಲ. ನನ್ನ ಡಬ್ಬಿಯಲ್ಲಿದ್ದ ಕೆನೆ ದಾರ ಸ್ವಲ್ಪ ಬೆಳ್ಳಗಿತ್ತು. ಚಹಾದ ನೀರಲ್ಲಿ ಅದ್ದಿ, ಒಣಗಿಸಿ, ಮೇಣ ತಿಕ್ಕಿದ ಮೇಲೆ ಅಣ್ಣತಮ್ಮಂದಿರಂತೆ ಹೊಂದಿಕೊಂಡಿತು. ಇಷ್ಟು ಒಳ್ಳೆಯ ಕೆಲಸ ಮಾಡಿ ಎಷ್ಟು ಕಾಲವಾಯಿತು! ಹೊಲಿದು ಮುಗಿಸಿ ಹೆಬ್ಬೆರಳಲ್ಲಿ ಸವರಿದರೆ ಎಲ್ಲಿ ಅವಳದು ಮುಗಿದು ಎಲ್ಲಿ ನನ್ನದು ಶುರುವಾಯಿತೆಂದು ನನಗೇ ತಿಳಿಯಲಿಲ್ಲ.

ಇವರಿಗೆ ಹೇಳುವುದಿಲ್ಲ. ಮನೆಗೆ ಬಂದ ಮೇಲೆ ತಾವಾಗಿಯೇ ನೋಡಲಿ.

ಆಗಸ್ಟ್ 31

ಬಂದರು. ಕೋಲೂರಿಕೊಂಡು ನೇರ ಕೆಳಗಿನ ಕೋಣೆಗೆ. ನಾನು ಮೇಲೆ ಚಹಾಕ್ಕೆ ನೀರಿಟ್ಟು ಕಾದೆ. ನೀರು ಕುದಿದು ಅರ್ಧಕ್ಕಿಳಿಯಿತು. ಆಮೇಲೆ ಕೂಗು ಕೇಳಿತು. ಬಿದ್ದರೋ ಏನೋ ಎಂದು ಓಡಿದೆ.

"ಎಲ್ಲಿ ಅದು? ಎಲ್ಲಿ ಹೋಯ್ತು?" ಸೀಟಿನ ಮೂಲೆಗೆ ಬೆರಳಿಟ್ಟುಕೊಂಡು ನಿಂತಿದ್ದಾರೆ. ಮುಖ ಸುಣ್ಣ.

"ಅಡ್ಡ ಹೊಲಿಗೇನಾ? ಸರಿ ಮಾಡ್ದೆ ರೀ. ಗೊತ್ತೇ ಆಗಲ್ಲ ಅಲ್ವಾ?" ಎಂದೆ. ಹೆಮ್ಮೆಯಿಂದಲೇ ಎಂದೆ, ದಡ್ಡಿ.

ಇವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಅದು ತಪ್ಪಲ್ಲವಂತೆ. ಈ ಐನೂರು ಗಾಡಿಗೆ ಸೀಟು ಹೊಲಿದವರು ನಾಲ್ಕೇ ಹೆಂಗಸರಂತೆ. ತಾವು ಹೊಲಿದ ಪ್ರತಿ ಸೀಟಿನಲ್ಲೂ ಒಬ್ಬೊಬ್ಬರೂ ತಮ್ಮ ಗುರುತಿನ ಜಾಗದಲ್ಲಿ ಒಂದು ಹೊಲಿಗೆ ಅಡ್ಡ ಹಾಕುತ್ತಾರಂತೆ. ಅಲ್ಲಿ ಹೆಸರು ಬರೆಯುವ ಹಾಗಿಲ್ಲ, ಅದೇ ಅವರ ಸಹಿ. ಕಾರ್ಖಾನೆಯಲ್ಲಿ ತಾಯಂದಿರ ಕಾಲದಿಂದ ನಡೆದು ಬಂದದ್ದಂತೆ. ಗಾಡಿ ಇಟ್ಟುಕೊಂಡವರ ಸಂಘದಲ್ಲಿ ಎಲ್ಲರೂ ಹುಡುಕಿ ನೋಡುವುದು ಆ ಹೊಲಿಗೆಯನ್ನೇ ಅಂತೆ.

"ಹಾಳು ಮಾಡ್ಬಿಟ್ಟೆಯಲ್ಲೇ. ಇನ್ನು ಇದು ಒರಿಜಿನಲ್ ಅಲ್ಲ."

ಸೆಪ್ಟೆಂಬರ್ 1

ಬೆಳಗ್ಗೆಯಿಂದ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಪಾತ್ರೆಯ ಕಥೆ ಹೇಳಿದರು. ವಿಮಾನದ ಕಥೆ ಹೇಳಿದರು. ಟ್ಯಾಂಕಿನ ಬಿಳಿ ಗೆರೆ ಎಳೆಯುವ ಕುಂಚ ಯಾವ ಕೂದಲಿನದೆಂದು ಹೇಳಿದರು. ಹೊಲಿಗೆಯವಳ ಜೊತೆ ಇಪ್ಪತ್ತಾರು ವರ್ಷ ಬಾಳುವೆ ಮಾಡಿದವರು, ಹೊಲಿಗೆಯವರ ಆ ಒಂದು ಕಥೆಯನ್ನು ಮಾತ್ರ ನನಗೆ ಹೇಳಲಿಲ್ಲ. ಮರೆತಿದ್ದಲ್ಲ. ಹೇಳಬೇಕೆಂದು ತೋಚಲೇ ಇಲ್ಲ.

ಆದರೂ ನನಗೆ ಹೆಚ್ಚು ಸಂಕಟವಾದದ್ದು ಅದಕ್ಕಲ್ಲ. ಎಲ್ಲೋ ದೂರದಲ್ಲಿ ಒಬ್ಬಳು ಜಗತ್ತಿಗೆಲ್ಲ ಬಿಟ್ಟುಕೊಟ್ಟ ಕೆಲಸದಲ್ಲಿ ತನ್ನದೆಂದು ಒಂದೇ ಒಂದು ಹೊಲಿಗೆ ಇಟ್ಟುಕೊಂಡಿದ್ದಳು. ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ್ದು ಬೇರೆ ಯಾರೂ ಅಲ್ಲ, ಇನ್ನೊಬ್ಬ ಹೊಲಿಗೆಯವಳು.

ಕ್ಷಮಿಸು ತಾಯಿ ಎಂದು ಬರೆದರೆ ಯಾವ ವಿಳಾಸಕ್ಕೆ ಕಳಿಸಲಿ?

ಸೆಪ್ಟೆಂಬರ್ 4

ಮೂರು ದಿನ ಮಾತಿಲ್ಲ. ಇವತ್ತು ಸಂಜೆ ಗಾಡಿಯ ಹತ್ತಿರದಿಂದ ಒಂದೊಂದೇ ಮೆಟ್ಟಿಲು ಹತ್ತಿ, ತಾವಾಗಿಯೇ ನನ್ನ ಮೆಷಿನ್ನಿನ ಪಕ್ಕ ಬಂದು ಕೂತರು. ಸಂಘದವರು ಭಾನುವಾರ ಗಾಡಿ ನೋಡಲು ಬರುತ್ತಾರಂತೆ.

"ನಿನ್ನ ಕೈ ಚೆನ್ನಾಗಿದೆ ಕಣೇ. ಅಷ್ಟು ನಾಜೂಕಾಗಿ ಬಿಚ್ಚಿದೋಳು ನೀನು, ಅದನ್ನ ಮತ್ತೆ ಅಡ್ಡ ಹಾಕೋಕೆ ಆಗಲ್ವಾ? ಯಾರಿಗೂ ಗೊತ್ತಾಗಲ್ಲ."

ನಿನ್ನ ಕೈ ಚೆನ್ನಾಗಿದೆ. ಈ ಮಾತು ಕೇಳಲು ಎಷ್ಟು ವರ್ಷ ಕಾದಿದ್ದೆ! ಬಂತಲ್ಲ, ಕಳ್ಳ ಸಹಿ ಹಾಕಿಸುವುದಕ್ಕೆ ಬಂತು.

ಆಗಲ್ಲ ಎಂದೆ. ಅದು ಅವಳ ಗುರುತು, ನಾನು ಹಾಕಿದರೆ ಮೋಸ ಎಂದೆ. ಇವರು ಇನ್ನೂ ಎರಡು ಸಲ ಒತ್ತಾಯಿಸಿದರು. ಕೊನೆಗೆ, "ಹಾಕಿಕೊಡು. ಕೋಣೆ ಬಿಟ್ಕೊಡ್ತೀನಿ. ಶೆಡ್ಡಿನವನಿಗೆ ನಾಳೇನೇ ಹೇಳ್ತೀನಿ," ಎಂದರು.

ಸೆಪ್ಟೆಂಬರ್ 6

ಹಾಕಿದೆ. ಕೋಣೆ ಬೇಕಿತ್ತು. ಬೇರೆ ಸಬೂಬು ಹೇಳುವುದಿಲ್ಲ.

ಮೊದಲ ಸಲಕ್ಕಿಂತ ಬೇಗ ಮುಗಿಯಿತು. ಎಡಕ್ಕೆ ವಾಲಿಸಿ ಎಳೆಯುವಾಗ ದಾರ ಕೈಗೆ ಕಚ್ಚಿತು.

ಸೆಪ್ಟೆಂಬರ್ 8

ಸಂಘದವರು ಬಂದರು. ಆರು ಗಂಡಸರು, ಆರು ಜೊತೆ ದುಬಾರಿ ಬೂಟು. ಅಧ್ಯಕ್ಷರಿಗೆ ಕೈಗವಸಿನವರು ಎಂದು ನಾನೇ ಹೆಸರಿಟ್ಟೆ: ಗಾಡಿ ಮುಟ್ಟುವ ಮೊದಲು ಜೇಬಿನಿಂದ ಬಿಳಿ ಕೈಗವಸು ತೆಗೆದು ಬೆರಳು ಬೆರಳಾಗಿ ತೊಟ್ಟುಕೊಂಡರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಟ್ಯಾಂಕು ನೋಡಿದರು, ನಂಬರು ನೋಡಿದರು, ಮೀಟರಿನ ಮೂರು ಕಿಲೋಮೀಟರ್ ನೋಡಿ ತಲೆದೂಗಿದರು. ಆಮೇಲೆ ಬಗ್ಗಿ ಸೀಟಿನ ಎಡ ಮೂಲೆ. ನಾನು ಒಂದು ಹೆಜ್ಜೆ ಒಳಗಿಟ್ಟೆ. ಕೈಗವಸಿನವರು ಒಂದು ಕೈಯ ಗವಸು ತೆಗೆದು ಬರಿ ಬೆರಳಲ್ಲಿ ಸವರಿದರು.

"ಆಹಾ. ನೋಡಿ, ದಾರ ಎಳೆದಿರೋ ಹದ ನೋಡಿ. ಎಷ್ಟು ತಲೆಮಾರಿನ ಕೈ ಇದು! ನಮ್ಮಲ್ಲಿ ಯಾರಿಗೆ ಬರತ್ತೆ ಹೇಳಿ ಈ ಕೆಲಸ?"

ನಾನು ಇವರ ಮುಖ ನೋಡಿದೆ. ಇವರೂ ನನ್ನನ್ನು ನೋಡಿದರು, ಒಂದು ಕ್ಷಣ.

"ಎಲ್ಲಿ ಬರತ್ತೆ ಸಾರ್. ಅದಕ್ಕೇ ಅಲ್ವಾ ಪರಂಪರೆ ಅನ್ನೋದು," ಎಂದರು. ಆಮೇಲೆ ತಟ್ಟೆ ಹಿಡಿದವಳನ್ನು ಪರಿಚಯ ಮಾಡಿಸಬೇಕಲ್ಲ: "ನಮ್ಮನೆಯವರು. ಮನೇಲೇ ಏನೋ ಸ್ವಲ್ಪ ಹೊಲಿಗೆ ಗಿಲಿಗೆ ಮಾಡ್ತಾರೆ."

ಕೈಗವಸಿನವರು ನನಗೆ ನಮಸ್ಕಾರ ಮಾಡಿ ಲೋಟ ತೆಗೆದುಕೊಂಡರು. ಸಕ್ಕರೆ ಸರಿಯಾಗಿದೆಯೇ ಎಂದು ಕೇಳಿದೆ. ಸರಿಯಾಗಿದೆ ಎಂದರು.

ಗುಟ್ಟು ಒಡೆಯಬೇಕಿತ್ತು ಎನ್ನುತ್ತಿಲ್ಲ. ಅದು ಅವಳ ಸಹಿ, ನನ್ನದೆಂದು ಎದೆ ತಟ್ಟಿಕೊಳ್ಳುವಂಥದ್ದೂ ಅಲ್ಲ. ಆದರೆ ಇವಳೂ ಕೈಹೊಲಿಗೆ ಬಲ್ಲವಳು, ಈ ಕೋಣೆ ಇವಳ ಕೆಲಸದ್ದು ಎಂದು ಎರಡು ಮಾತು ಹೇಳಿದ್ದರೆ ಗಾಡಿಯ ಯಾವ ಭಾಗ ಸವೆದುಹೋಗುತ್ತಿತ್ತು?

ಸೆಪ್ಟೆಂಬರ್ 12

ಶೆಡ್ಡು ಎದ್ದಿತು. ಅವರು ಕೊಟ್ಟ ಮಾತು ಉಳಿಸಿಕೊಂಡರು. ಗಾಡಿ ಹಿತ್ತಿಲಿಗೆ ಹೋಯಿತು, ಕೋಣೆಯ ಬೀಗದ ಕೈ ನನ್ನ ಮೇಜಿನ ಮೇಲೆ ಬಂತು. ಗೋಡೆಗೆ ಸುಣ್ಣ ಹೊಡೆಸಿದ್ದಾರೆ. ಬಾಗಿಲು ತೆಗೆದು ನೋಡಿದೆ. ಎಷ್ಟು ಬೇಡಿಕೊಂಡಿದ್ದೆನೋ ಅಷ್ಟೂ ಜಾಗ ಖಾಲಿ ಬಿದ್ದಿದೆ.

ಕಳ್ಳ ಸಹಿಗೆ ಸಿಕ್ಕ ಕೋಣೆ, ಹೊಸಿಲು ದಾಟಲು ಮನಸ್ಸು ಬರಲಿಲ್ಲ. ಬಾಗಿಲು ಎಳೆದುಕೊಂಡು ಮಾರುಕಟ್ಟೆ ರಸ್ತೆಗೆ ಹೋದೆ, ಗುಂಡುಸೂಜಿಯನ್ನು ಹುಡುಕಿಕೊಂಡು.

ಸೆಪ್ಟೆಂಬರ್ 17

ಮಾರುಕಟ್ಟೆ ರಸ್ತೆಯ ಪರದೆ ಅಂಗಡಿಯ ಹಿಂದೆ ಒಂದು ಗೋದಾಮು ಬಾಡಿಗೆಗೆ ಸಿಕ್ಕಿದೆ. ಬಾಗಿಲು ಅಗಲ, ನೆಲ ಸಮ, ಮೆಟ್ಟಿಲೇ ಇಲ್ಲ. ಗುಂಡುಸೂಜಿ ಪೀಠೋಪಕರಣದ ಅಂಗಡಿ ಬಿಟ್ಟು ಇಲ್ಲಿಗೆ ಬರುತ್ತಾಳಂತೆ. "ಸದ್ಯ, ಅಕ್ಕನಿಗೆ ಬೆನ್ನುಮೂಳೆ ಬಂತು," ಎಂದಳು. ಮೂಳೆಯಲ್ಲ, ಹೊಟ್ಟೆಕಿಚ್ಚು ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಮೆಷಿನ್ನು ಇಳಿಸುವಾಗ ಅವರು ಮೆಟ್ಟಿಲ ಬುಡದಲ್ಲಿ ಕೋಲು ಹಿಡಿದು ನಿಂತಿದ್ದರು.

"ಏನಿದು? ಕೋಣೆ ಕೊಟ್ಟೆನಲ್ಲ, ಇನ್ನೇನು ಬೇಕು ನಿನಗೆ?"

"ಕೋಣೆ ನಿಮಗೇ ಇರಲಿ. ಮಂಡಿ ನೋವಲ್ವಾ, ಮಂಚ ಅಲ್ಲೇ ಹಾಕಿಸ್ಕೊಳ್ಳಿ."

ಬೇರೆ ಏನಾದರೂ ಹೇಳುತ್ತಾರೇನೋ ಎಂದು ಸ್ವಲ್ಪ ನಿಂತೆ. ಮೆಷಿನ್ನು ತಗುಲಿ ಗೋಡೆಯ ಹೊಸ ಸುಣ್ಣ ಹೋಗುತ್ತದೆ, ಹುಷಾರು ಎಂದರು.

ಸೆಪ್ಟೆಂಬರ್ 24

ರಾತ್ರಿಗಳಲ್ಲೂ ಇಲ್ಲೇ, ಗೋದಾಮಿನಲ್ಲೇ ಉಳಿಯುತ್ತಿದ್ದೇನೆ. ಕೆಲಸ ಹೆಚ್ಚು, ಅದಕ್ಕೆ. ಹೋಟೆಲಿನವರು ಆ ಸೋಫಾವನ್ನು ಮತ್ತೆ ತಂದರು, ಜೊತೆಗೆ ಇನ್ನೂ ಎರಡು.

ಬೋರ್ಡು ಬರೆಯುವವನು ಬಂದಿದ್ದ. ಯಾವ ಹೆಸರು ಹಾಕಲಿ ಎಂದು ಕೇಳಿದ. ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ. ನನ್ನ ಹೆಸರು ಹೇಳಿದೆ. ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬೋರ್ಡಿನ ಒಂದು ಮೂಲೆಯಲ್ಲಿ ಸಣ್ಣದಾಗಿ ಗುರುತು ಮಾಡಿಕೊಂಡ. ಅಲ್ಲಲ್ಲ, ನಡುವೆ, ದಪ್ಪಕ್ಷರದಲ್ಲಿ ಎಂದೆ.

ಅವರು ಇವತ್ತೂ ಫೋನ್ ಮಾಡಲಿಲ್ಲ. ಮಾಡಿದ್ದರೂ ಮೆಷಿನ್ನಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.